ಮಸೀದಿಯ ಹಾರ್ನ್, ಮಂದಿರದ ಹಾರ್ನ್: ಗಡಿನಾಡಿನ ಒಂದು ಮೈಕ್ ತಕರಾರು

ಕಾನೂನು ಸೇವಾ ಸಮಿತಿಯ ಪ್ಯಾರಾ ಲೀಗಲ್ ವಾಲಂಟಿಯರ್ ಆಗಿರುವ ನನ್ನ ಹತ್ತಿರ ಹೆಚ್ಚಾಗಿ ಬರುವುದು ಜಾಗದ ಗಡಿ, ದಾರಿ ಹಕ್ಕು, ಜೀವನಾಂಶದ ತಕರಾರುಗಳು. ಮೈಕ್‌ನ ದೂರು ಅಪರೂಪ. ತೊಂದರೆ ಎಲ್ಲ ಊರಲ್ಲೂ ಇದೆ, ಬಾಯಿ ಬಿಟ್ಟು ಹೇಳುವವರು ಕಡಿಮೆ. ಈ ಪ್ರಕರಣದ ಗಂಟು ಇದ್ದದ್ದೂ ಅಲ್ಲೇ. ಅರ್ಜಿ ಕೊಟ್ಟವರು ಒಬ್ಬರು, ಎಲ್ಲರಿಗಿಂತ ಜಾಸ್ತಿ ತೊಂದರೆ ಪಟ್ಟವರು ಬೇರೆ ಯಾರೋ. ಆ ಬೇರೆಯವರು ಮಾತಾಡುವ ತನಕ ಏನೂ ಮುಂದೆ ಹೋಗಲಿಲ್ಲ.

ಗುರುತು ಸಿಗಬಾರದು ಅಂತ ಊರು, ಮನೆತನ ಮತ್ತು ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಎರಡೂ ಕಡೆಯವರಿಗೆ ಓದಿ ಹೇಳಿ, ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಊರಿನ ಚಿತ್ರ

ಕೇರಳದ ಕಾಸರಗೋಡು ಜಿಲ್ಲೆ, ಮಂಜೇಶ್ವರ ತಾಲೂಕಿನ ಒಳಭಾಗ. ಎರಡು ಮುರಕಲ್ಲಿನ ಗುಡ್ಡ, ನಡುವೆ ಅಡಿಕೆ ತೋಟದ ಬೈಲು, ಬೈಲಿನಲ್ಲಿ ಒಂದು ತೋಡು. ಈಚೆ ಗುಡ್ಡದ ಇಳಿಜಾರಿನಲ್ಲಿ ಮಸೀದಿ ಮತ್ತು ಮದ್ರಸ. ಆಚೆ ಗುಡ್ಡದ ಬುಡದಲ್ಲಿ ಭಜನಾ ಮಂದಿರ. ರಸ್ತೆ ಬದಿಯಲ್ಲಿ ಅನುದಾನಿತ ಶಾಲೆ, ಹಾಲು ಸೊಸೈಟಿ, ನಾಲ್ಕು ಅಂಗಡಿ, ಒಂದು ಕ್ಲಬ್ಬು. ಮನೆಯಲ್ಲಿ ತುಳುವೋ ಬ್ಯಾರಿಯೋ ಹವ್ಯಕವೋ, ಅಂಗಡಿಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ. ನಮ್ಮ ಕಡೆ ಎಲ್ಲ ಊರೂ ಹೀಗೇ.

ಶಬ್ದ ಈ ಊರಿಗೆ ಹೊಸದಲ್ಲ. ನೇಮ (ಭೂತಾರಾಧನೆ) ಇದ್ದರೆ ಬೆಳಗಿನ ತನಕ ತೆಂಬರೆ ವಾದ್ಯ, ಯಕ್ಷಗಾನ ಇದ್ದರೆ ಬೆಳಗಿನ ತನಕ ಚೆಂಡೆ. ಉರೂಸ್ ಬಂದರೆ ಮತಪ್ರಭಾಷಣ. ಮಂದಿರದಲ್ಲಿ ವರ್ಷಕ್ಕೊಮ್ಮೆ ಏಕಾಹ ಭಜನೆ. ಇವೆಲ್ಲ ವರ್ಷಕ್ಕೆ ಒಂದು ದಿನ, ಎರಡು ದಿನ. ಜನ ಅದನ್ನು ಹಬ್ಬದ ಲೆಕ್ಕಕ್ಕೆ ಹಾಕಿಕೊಂಡು ಸುಮ್ಮನಿರುತ್ತಾರೆ. ಆಚೆ ಗುಡ್ಡದವರು ಉರೂಸಿನ ರಾತ್ರಿ ನಿದ್ದೆ ಬಾರದಿದ್ದರೆ ಭಾಷಣವನ್ನೇ ಕೇಳುತ್ತಾ ಕೂರುತ್ತಿದ್ದರಂತೆ.

ಬದಲಾದದ್ದು ಮಸೀದಿ ಹೊಸದಾಗಿ ಕಟ್ಟಿದಾಗ. ಹಳೆಯ ಹೆಂಚಿನ ಮಸೀದಿಗೆ ಒಂದು ಕಬ್ಬಿಣದ ಪೈಪು, ಅದರ ತುದಿಗೆ ಒಂದೇ ಹಾರ್ನ್ (ಕಹಳೆ ಬಾಯಿಯ ಸ್ಪೀಕರ್) ಇತ್ತು. ಅದು ಅಡಿಕೆ ಮರದ ಎತ್ತರವನ್ನೂ ದಾಟುತ್ತಿರಲಿಲ್ಲ. ಗಲ್ಫಿನಲ್ಲಿರುವ ಹುಡುಗರು ಹಣ ಕೂಡಿಸಿ ಮಿನಾರ ಕಟ್ಟಿಸಿದರು. ಅದರ ತುದಿಯಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ಹಾರ್ನ್, ಕೆಳಗೆ ದೊಡ್ಡ ಆಂಪ್ಲಿಫೈಯರ್. ಈಚೆ ಗುಡ್ಡದ ಮಿನಾರದ ತುದಿ, ಆಚೆ ಗುಡ್ಡದ ಮನೆಗಳ ಜಗಲಿ, ಎರಡೂ ಈಗ ಒಂದೇ ಮಟ್ಟ. ನಡುವೆ ಒಂದು ಮರ ಕೂಡ ಅಡ್ಡ ಇಲ್ಲ.

ಅದರ ಮೇಲೆ ಬೆಳಗಿನ ಜಾವದ ಗುಣ. ತಂಪು ಗಾಳಿ ಬೈಲಿನಲ್ಲಿ ಕೂತಿರುತ್ತದೆ, ಬೆಚ್ಚಗಿನದು ಮೇಲೆ. ಆಗ ಶಬ್ದ ಮೇಲಕ್ಕೆ ಹೋಗಿ ಚದುರುವ ಬದಲು ಕೆಳಕ್ಕೆ ಬಾಗಿ ದೂರ ಹೋಗುತ್ತದೆ. ಬೇರೆ ಯಾವ ಸದ್ದೂ ಇಲ್ಲದ ಹೊತ್ತು ಬೇರೆ. ಮಧ್ಯಾಹ್ನ ಗಮನಕ್ಕೇ ಬಾರದ ಬಾಂಗ್ (ನಮಾಜಿನ ಕರೆ) ಬೆಳಿಗ್ಗೆ 5 ಗಂಟೆಗೆ ತಲೆದಿಂಬಿನ ಹತ್ತಿರ ಕೂಗಿದ ಹಾಗೆ ಕೇಳಿಸುವುದು ಇದರಿಂದ.

ಅರ್ಜಿ ಮತ್ತು ಅದರ ಫೋಟೋ

ಅರ್ಜಿ ಕೊಟ್ಟವರು ಆಚೆ ಗುಡ್ಡದ ಒಬ್ಬ ಕೃಷಿಕರು. ಮಂದಿರದ ಸದಸ್ಯರೂ ಹೌದು. ಅವರ ತಂದೆಗೆ ಪಾರ್ಶ್ವವಾಯು ಬಡಿದು ಮಲಗಿದಲ್ಲೇ ಇದ್ದರು. ರಾತ್ರಿಯಿಡೀ ಹೊರಳಾಡಿ ಅವರಿಗೆ ಕಣ್ಣು ಹತ್ತುವಾಗ ಮೂರು ಗಂಟೆ ದಾಟುತ್ತಿತ್ತು. ಸೂರ್ಯ ಹುಟ್ಟುವ ಮೊದಲಿನ ಸುಬಹಿ ಬಾಂಗ್‌ಗೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಮೊದಲು ಮಗ ಮಸೀದಿಯ ಒಬ್ಬರಿಗೆ ಬಾಯಿಮಾತಲ್ಲಿ ಹೇಳಿದರು. ಅವರು "ಹೌದು, ಕಮಿಟಿಯಲ್ಲಿ ಹೇಳುವ" ಅಂದರು. ಆಮೇಲೆ ಸುದ್ದಿ ಇಲ್ಲ. ಕಡೆಗೆ ಪೊಲೀಸ್ ಠಾಣೆಗೆ ಕನ್ನಡದಲ್ಲೇ ಒಂದು ಪುಟದ ಅರ್ಜಿ ಹೋಯಿತು: ಮನೆಯಲ್ಲಿ ರೋಗಿ ಇದ್ದಾರೆ, ಶಬ್ದ ಕಡಿಮೆ ಮಾಡಿಸಿ ಕೊಡಬೇಕು.

ಎರಡೇ ದಿನದಲ್ಲಿ ಆ ಅರ್ಜಿಯ ಫೋಟೋ ವಾಟ್ಸಾಪಿಗೆ ಬಂತು. ಯಾರು ತೆಗೆದರೋ ಗೊತ್ತಿಲ್ಲ. ರೋಗಿಯ ವಿಷಯ ಇದ್ದ ಕೆಳಗಿನ ಭಾಗ ಫೋಟೋದಲ್ಲಿ ಇರಲಿಲ್ಲ. ಮೇಲೆ ಯಾರೋ ಬರೆದಿದ್ದರು: ಬಾಂಗ್ ನಿಲ್ಲಿಸಲು ಅರ್ಜಿ.

ಕಾಲವೂ ಕೆಟ್ಟದ್ದಾಗಿತ್ತು. 2022ರಲ್ಲಿ ಕರ್ನಾಟಕದಲ್ಲಿ ಧ್ವನಿವರ್ಧಕದ ಗಲಾಟೆ ಎದ್ದು, ಮೇ ತಿಂಗಳಲ್ಲಿ ಅಲ್ಲಿನ ಸರಕಾರ ಮೈಕ್ ಪರವಾನಗಿಯ ಬಗ್ಗೆ ಆದೇಶ ಹೊರಡಿಸಿತ್ತು. ಆ ನೆನಪು ಹಸಿಯಾಗಿಯೇ ಇತ್ತು. ಕೊರೋನಾ ಕಾಲದಲ್ಲಿ ಗಡಿಯ ತಲಪಾಡಿ ದಾಟಲು ನಮಗೆ ಪಾಸ್ ಬೇಕಾಗಿತ್ತು, ಮಂಗಳೂರಿನ ಫಾರ್ವರ್ಡ್‌ಗಳಿಗೆ ಯಾವತ್ತೂ ಬೇಕಾಗಲಿಲ್ಲ. "ಅಲ್ಲಿ ಮಾಡಿದ್ದನ್ನು ಇಲ್ಲಿ ಶುರು ಮಾಡಿದ್ದಾರೆ" ಅಂತ ಒಂದು ಕಡೆ. "ಇಲ್ಲಿ ನಮ್ಮ ಮಾತು ಯಾರು ಕೇಳ್ತಾರೆ" ಅಂತ ಇನ್ನೊಂದು ಕಡೆ. ಹಾಸಿಗೆ ಹಿಡಿದ ಮುದುಕರ ನಿದ್ದೆಯ ವಿಷಯ ಅಷ್ಟರಲ್ಲೇ ಕಳೆದುಹೋಯಿತು.

ಪೊಲೀಸರು ಎರಡೂ ಕಡೆಯವರನ್ನು ಕರೆದು ಮಾತಾಡಿದರು. ಕಮಿಟಿಯ ಅಧ್ಯಕ್ಷರು, ಇಲ್ಲಿ ಅವರನ್ನು ಹಾಜಿಯವರು ಅನ್ನುತ್ತೇನೆ, ವಾಲ್ಯೂಮ್ ಕಡಿಮೆ ಮಾಡುತ್ತೇವೆ ಅಂತ ಒಪ್ಪಿ ಬಂದರು.

ಇಬ್ಬರೂ ನಿಜ ಹೇಳುತ್ತಿದ್ದರು

ಇದು ಈ ಪ್ರಕರಣದ ಮೊದಲ ತಿರುವು. ಆಗ ಅದು ಯಾರಿಗೂ ಅರ್ಥವಾಗಲಿಲ್ಲ.

ಹಾಜಿಯವರು ಅದೇ ಸಂಜೆ ಆಂಪ್ಲಿಫೈಯರ್‌ನ ಗುಬುಟನ್ನು 8ರಿಂದ 6ಕ್ಕೆ ಇಳಿಸಿದರು. ಮದ್ರಸದ ಮಕ್ಕಳು ಮತ್ತೆ ತಿರುಗಿಸಬಾರದು ಅಂತ ಬಿಳಿ ಪೈಂಟ್‌ನಿಂದ ಒಂದು ಗೆರೆ ಎಳೆದರು. ಮರುದಿನ ಬೆಳಿಗ್ಗೆ ಆಚೆ ಗುಡ್ಡದಲ್ಲಿ ಅರ್ಜಿದಾರರು ಕಿವಿಕೊಟ್ಟು ಕೂತರು. ಏನೂ ವ್ಯತ್ಯಾಸ ಇಲ್ಲ. ಒಂದು ವಾರ ನೋಡಿದರು, ಇಲ್ಲ. ಪೊಲೀಸರ ಎದುರು ಒಪ್ಪಿ ಬಂದು ಮೋಸ ಮಾಡಿದರು ಅನ್ನುವುದು ಇವರ ತೀರ್ಮಾನ. ಕಡಿಮೆ ಮಾಡಿದ ಮೇಲೂ ಇಲ್ಲ ಅನ್ನುತ್ತಾರೆ ಅಂದರೆ ಇವರಿಗೆ ಬಾಂಗೇ ಬೇಡ ಅನ್ನುವುದು ಅವರ ತೀರ್ಮಾನ.

ನಮ್ಮ ಕಿವಿಯ ಲೆಕ್ಕ ಬೇರೆ, ಮಿಷನಿನ ಲೆಕ್ಕ ಬೇರೆ. ಆಂಪ್ಲಿಫೈಯರ್ ಕೊಡುವ ಶಕ್ತಿಯನ್ನು ಅರ್ಧ ಮಾಡಿದರೂ ಶಬ್ದ ಇಳಿಯುವುದು 3 ಡೆಸಿಬೆಲ್ ಮಾತ್ರ. ಗಮನವಿಟ್ಟು ಕೇಳಿದರೆ ಆ ವ್ಯತ್ಯಾಸ ಸ್ವಲ್ಪ ಗೊತ್ತಾದೀತು, ನಿದ್ದೆಯಲ್ಲಿದ್ದವನಿಗೆ ಗೊತ್ತಾಗುವುದಿಲ್ಲ. ಶಬ್ದ ಅರ್ಧಕ್ಕಿಳಿದ ಹಾಗೆ ಅನಿಸಬೇಕಾದರೆ ಸುಮಾರು 10 ಡೆಸಿಬೆಲ್ ಕಡಿಮೆಯಾಗಬೇಕು. ಅಂದರೆ ಶಕ್ತಿ ಹತ್ತನೇ ಒಂದು ಭಾಗಕ್ಕೆ ಇಳಿಯಬೇಕು. ಗುಬುಟನ್ನು ಎರಡು ಗೆರೆ ತಿರುಗಿಸಿದರೆ ಅಷ್ಟು ಆಗುವುದಿಲ್ಲ. ಆ ಬಿಳಿ ಗೆರೆ ಎಳೆದವರೂ ಪ್ರಾಮಾಣಿಕರೇ, ಏನೂ ಬದಲಾಗಿಲ್ಲ ಅಂದವರೂ ಪ್ರಾಮಾಣಿಕರೇ. ಮೈಕ್‌ನ ತಕರಾರುಗಳಲ್ಲಿ ರಾಜಿಗಳು ಮುರಿದು ಬೀಳುವುದು ಹೆಚ್ಚಾಗಿ ಇಲ್ಲೇ ಅಂತ ನನಗೆ ಈಗ ಅನಿಸುತ್ತದೆ.

ಆಮೇಲೆ ಮೊಬೈಲ್ ಆ್ಯಪ್‌ಗಳ ಜಗಳ. ಇವರು ಜಗಲಿಯಲ್ಲಿ ಅಳೆದು ವಿಡಿಯೋ ಹಾಕಿದರು. ಅವರು ಮಂದಿರದ ಎದುರು ಭಜನೆಯ ಹೊತ್ತಲ್ಲಿ ಅಳೆದು ಹಾಕಿದರು. ಒಂದೇ ಜಾಗದಲ್ಲಿ ಎರಡು ಫೋನ್ ಎರಡು ಸಂಖ್ಯೆ ತೋರಿಸುತ್ತಿದ್ದವು. ಸರಿಯಾಗಿ ಹೊಂದಿಸಿದ ಮೀಟರ್ ಇಲ್ಲದೆ ಅಳೆದ ಲೆಕ್ಕ ಯಾವ ಅಧಿಕಾರಿಯ ಮುಂದೆಯೂ ನಿಲ್ಲುವುದಿಲ್ಲ. ಆದರೆ ಜಗಳಕ್ಕೆ ಅಷ್ಟು ಸಾಕಲ್ವಾ.

ಎರಡನೇ ಅರ್ಜಿ, ಎರಡು ನೋಟೀಸು

ಅರ್ಜಿದಾರರು ಎರಡನೇ ಸಲ ಬರೆದರು. ಈ ಸಲ ಯಾರೋ ತಿಳಿದವರು ಹೇಳಿಕೊಟ್ಟು, ನಿಯಮದ ಹೆಸರು ಹಾಕಿ ಬರೆಸಿದ್ದರು.

ನಿಯಮ ಕೇಂದ್ರದ್ದು. ತಲಪಾಡಿಯ ಆಚೆಗೂ ಈಚೆಗೂ ಒಂದೇ. 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿ ಬಂದ 2000ದ ಶಬ್ದ ಮಾಲಿನ್ಯ ನಿಯಮಗಳು. ವಾಸದ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ಸಾರ್ವಜನಿಕ ಜಾಗದಲ್ಲಿ ಧ್ವನಿವರ್ಧಕ ಇಟ್ಟರೆ ಆ ಜಾಗದ ಗಡಿಯಲ್ಲಿ ಶಬ್ದ ಈ ಮಿತಿಗಿಂತ 10ರಷ್ಟು ಹೆಚ್ಚು ಅಥವಾ 75, ಯಾವುದು ಕಡಿಮೆಯೋ ಅದನ್ನು ದಾಟಬಾರದು. ಹಾಗಾಗಿ ಇಂಥ ಊರಲ್ಲಿ ಹಗಲು 65. ಧ್ವನಿವರ್ಧಕಕ್ಕೆ ಬರಹದಲ್ಲಿ ಪರವಾನಗಿ ಬೇಕೇ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಮುಚ್ಚಿದ ಕಟ್ಟಡದ ಒಳಗೆ ಬಿಟ್ಟರೆ ಬೇರೆಲ್ಲೂ ಬಳಸುವಂತಿಲ್ಲ. ಹಬ್ಬಗಳಿಗೆ ರಾಜ್ಯ ಸರಕಾರ ವರ್ಷಕ್ಕೆ 15 ದಿನ ಮೀರದ ಹಾಗೆ ಸಡಿಲಿಕೆ ಕೊಡಬಹುದು. ಅದೂ ರಾತ್ರಿ 12ರ ತನಕ ಮಾತ್ರ. 2005ರ ಜುಲೈ 18ರಂದು ಸುಪ್ರೀಂ ಕೋರ್ಟ್ ರಾತ್ರಿಯ ಈ ನಿರ್ಬಂಧವನ್ನು ಗಟ್ಟಿಯಾಗಿ ಎತ್ತಿಹಿಡಿಯಿತು. ಅದಕ್ಕೂ ಮೊದಲು 2000ದ ಆಗಸ್ಟ್‌ನಲ್ಲಿ ಚೆನ್ನೈಯ ಒಂದು ಚರ್ಚಿನ ಪ್ರಕರಣದಲ್ಲಿ, ಮೈಕ್ ಹಾಕಿ ಬೇರೆಯವರ ನೆಮ್ಮದಿ ಕೆಡಿಸಿ ಪ್ರಾರ್ಥನೆ ಮಾಡಿ ಅಂತ ಯಾವ ಧರ್ಮವೂ ಹೇಳುವುದಿಲ್ಲ ಅಂತ ಹೇಳಿತ್ತು.

ಇದನ್ನೆಲ್ಲ ಓದುವಾಗ ಅರ್ಜಿದಾರರಿಗೆ ತಾವು ಗೆದ್ದೇಬಿಟ್ಟೆವು ಅನಿಸಿರಬೇಕು. ಆದರೆ ನಿಯಮ ಒಂದೇ ಕಡೆ ನೋಡುವುದಿಲ್ಲ. ಪೊಲೀಸರು ಬಂದು ಮೊದಲು ಕೇಳಿದ್ದು ಪರವಾನಗಿ ಎಲ್ಲಿ ಅಂತ. ಕೇರಳದಲ್ಲಿ ಮೈಕ್ ಪರವಾನಗಿ ಪೊಲೀಸರಿಂದಲೇ ಸಿಗುತ್ತದೆ, ಅವರ 'ತುಣ' ಪೋರ್ಟಲಿನಲ್ಲಿ ಅರ್ಜಿ ಹಾಕಬಹುದು. ಮಸೀದಿಯಲ್ಲಿ ಪರವಾನಗಿ ಇರಲಿಲ್ಲ. ಮಂದಿರದಲ್ಲೂ ಇರಲಿಲ್ಲ. ಎರಡಕ್ಕೂ ನೋಟೀಸು ಬಂತು.

ಮಂದಿರದವರು ಕೆರಳಿದರು. ಸಿಟ್ಟು ಮಸೀದಿಯ ಮೇಲಲ್ಲ, ಅರ್ಜಿದಾರರ ಮೇಲೆ. ಧನುರ್ಮಾಸ ಹತ್ತಿರ ಬರುತ್ತಿತ್ತು. ಡಿಸೆಂಬರ್ ಮಧ್ಯದಿಂದ ಜನವರಿ ಮಧ್ಯದ ತನಕ ಸೂರ್ಯ ಹುಟ್ಟುವ ಮೊದಲೇ ಪೂಜೆ, 5ಕ್ಕೆಲ್ಲ ಹಾರ್ನ್‌ನಲ್ಲಿ ಭಕ್ತಿಗೀತೆ. ಅದರ ಮಧ್ಯೆ ಅಯ್ಯಪ್ಪ ವ್ರತದವರ ಭಜನೆ. "ನಿಮ್ಮಿಂದಾಗಿ ನಮ್ಮ ಮೈಕಿಗೂ ಕುತ್ತು ಬಂತು" ಅಂತ ಕಮಿಟಿ ಸಭೆಯಲ್ಲೇ ಅವರಿಗೆ ಹೇಳಿದರಂತೆ. ಆ ಹೊತ್ತಿಗೆ ಅವರು ಎರಡೂ ಕಡೆಯಿಂದ ಒಂಟಿ.

ವಿಷಯ ನಮ್ಮ ಸಮಿತಿಗೆ ಬಂದದ್ದು ಈ ಹಂತದಲ್ಲಿ. ಕೋರ್ಟಿಗೆ ಹೋಗುವ ಮೊದಲು ರಾಜಿ ಆಗುತ್ತದಾ ನೋಡಿ ಅಂತ.

ಮಿನಾರದ ಬುಡದ ಮನೆ

ಇಂಥ ಕಡೆ ಸಾಮಾನ್ಯವಾಗಿ ಮಾಡುವುದು ಎರಡೂ ಪಕ್ಷವನ್ನು ಒಂದೇ ಮೇಜಿಗೆ ಕರೆಯುವುದು. ನಾನು ಕರೆಯಲಿಲ್ಲ. ವಾಟ್ಸಾಪಿನಲ್ಲಿ ಅಷ್ಟೆಲ್ಲ ಆದ ಮೇಲೆ ಎದುರೆದುರು ಕೂತರೆ ಇಬ್ಬರೂ ತಮ್ಮವರಿಗಾಗಿ ಮಾತಾಡುತ್ತಾರೆ, ತಮಗಾಗಿ ಮಾತಾಡುವುದಿಲ್ಲ. ಮೊದಲು ಶಬ್ದ ಎಲ್ಲೆಲ್ಲಿ ಹೇಗೆ ಕೇಳುತ್ತದೆ ಅಂತ ಮನೆಗಳಿಗೆ ಹೋಗಿ ನೋಡಿದೆ. ಆಚೆ ಗುಡ್ಡದ ಜಗಲಿ, ಶಾಲೆಯ ಅಂಗಳ, ಮಂದಿರದ ಪಕ್ಕ, ಮಸೀದಿಯ ಸುತ್ತ.

ಮಿನಾರಕ್ಕೆ ತಾಗಿದ ಹಾಗೆ ಒಂದು ಮನೆ ಇದೆ. ಜಮಾಅತಿನದ್ದೇ, ಅಂದರೆ ಆ ಮಸೀದಿಗೆ ಸೇರಿದ ಕುಟುಂಬ. ಮಗಳು ಬಾಣಂತನಕ್ಕೆ ಬಂದಿದ್ದಳು. ಒಳಗೆ ಹೋದರೆ ಪಡುಬದಿಯ ಕಿಟಕಿಗೆ ಹಳೆಯ ಹಾಸಿಗೆಯೊಂದನ್ನು ನಿಲ್ಲಿಸಿ, ಹಗ್ಗದಲ್ಲಿ ಸರಳಿಗೆ ಕಟ್ಟಿದ್ದರು. ಸೆಖೆಯ ದಿನ. ಗಾಳಿ ಬರುವ ಕಿಟಕಿ ಅದೊಂದೇ. ನಾನು ಅದನ್ನೇ ನೋಡುತ್ತಿರುವುದನ್ನು ಕಂಡು ಅವಳ ಉಮ್ಮ (ತಾಯಿ) ನಕ್ಕರು. ನನ್ನನ್ನು ಅವರೆಲ್ಲ ಕರೆಯುವುದು ಟೀಚರ್ ಅಂತ.

"ಮಗು ಬೆಚ್ಚಿ ಬೀಳ್ತದೆ ಟೀಚರೇ. ಬಾಂಗ್ ನಾಲ್ಕು ನಿಮಿಷ, ಅದು ಹೇಗೋ ಆಗ್ತದೆ. ತಿಂಗಳಿಗೊಮ್ಮೆ ಸ್ವಲಾತ್ ಮಜ್ಲಿಸ್ (ಪ್ರಾರ್ಥನಾ ಕೂಟ) ಇರ್ತದಲ್ಲ, ಅದು ಹನ್ನೊಂದರ ತನಕ ಹೋಗ್ತದೆ. ಅದೂ ಇದೇ ಹಾರ್ನಿನಲ್ಲಿ."

"ಕಮಿಟಿಗೆ ಹೇಳ್ಬಹುದಿತ್ತಲ್ಲ ಉಮ್ಮ?"

"ಹೇಳುವ ಅಂತ ಇದ್ದದ್ದೇ. ಅಷ್ಟರಲ್ಲಿ ಅವರ ಅರ್ಜಿ ಬಂತು. ಇನ್ನು ಹೇಳಿದ್ರೆ ಅವರ ಕಡೆಗೆ ಸೇರಿದ ಹಾಗೆ ಆಗ್ತದಲ್ಲ?"

ಈ ಒಂದು ಮಾತಿನಲ್ಲಿ ಇಡೀ ಪ್ರಕರಣ ಇತ್ತು. ಮಸೀದಿಗೆ ಹತ್ತಿರದ ಮನೆಗಳು ಮಸೀದಿಯವರದ್ದೇ ಆಗಿರುತ್ತವೆ, ಮಂದಿರಕ್ಕೆ ಹತ್ತಿರದವು ಮಂದಿರದವರದ್ದೇ. ಶಬ್ದದ ಪೆಟ್ಟು ಮೊದಲು ಬೀಳುವುದು ಅವರ ಮೇಲೆ. ದೂರ ಎರಡು ಪಟ್ಟಾದರೆ ಬಯಲಲ್ಲಿ ಶಬ್ದ 6 ಡೆಸಿಬೆಲ್ ಇಳಿಯುತ್ತದೆ, ಹಾಗಾಗಿ ಬುಡದಲ್ಲಿರುವವರ ಪಾಡು ಊಹಿಸಬಹುದು. ಹೊರಗಿನಿಂದ ದೂರು ಬಂದ ಕೂಡಲೇ ಒಳಗಿನವರ ಬಾಯಿ ಕಟ್ಟಿಹೋಗುತ್ತದೆ. ಮಂದಿರದ ಪಕ್ಕದ ಮನೆಯಲ್ಲೂ ಇದೇ ಕಥೆ. ಹುಡುಗ ಎಸ್ಸೆಸ್ಸೆಲ್ಸಿ, ಸಂಜೆ ಭಜನೆಯ ಹೊತ್ತಿಗೆ ಪುಸ್ತಕ ಹಿಡಿದುಕೊಂಡು ದೊಡ್ಡಮ್ಮನ ಮನೆಗೆ ಹೋಗುತ್ತಿದ್ದ. ಅವನ ಅಪ್ಪ ಮಂದಿರದ ಕೋಶಾಧಿಕಾರಿ.

ನಾನು ಈ ಮನೆಗಳ ವಿಷಯ ಎತ್ತಿ ಎರಡೂ ಕಮಿಟಿಗಳ ಬಾಯಿ ಮುಚ್ಚಿಸಬಹುದಿತ್ತು. ಹಾಗೆ ಮಾಡಿದರೆ ಆ ಉಮ್ಮ ನಾಳೆ ಊರಲ್ಲಿ ಇರುವುದು ಹೇಗೆ? ಬದಲಿಗೆ ಎರಡೂ ಕಮಿಟಿಗಳಿಗೆ ಒಂದೇ ಕೆಲಸ ಕೊಟ್ಟೆ. ನಿಮ್ಮ ಹಾರ್ನಿಗೆ ಅತಿ ಹತ್ತಿರದ ಹತ್ತು ಮನೆಗಳಿಗೆ ನೀವೇ ಹೋಗಿ ಕೇಳಿ. ಆಚೆಯವರನ್ನು ಬಿಡಿ, ನಿಮ್ಮವರನ್ನೇ ಕೇಳಿ. ಮನೆಯ ಹೆಂಗಸರನ್ನೂ ಕೇಳಿ. ನನಗೆ ವರದಿ ಬೇಡ.

ಮಸೀದಿಯ ಕಡೆಯಿಂದ ಹೋದದ್ದು ಉಸ್ತಾದ್ (ಮಸೀದಿಯ ಗುರು) ಮತ್ತು ಸೌದಿಯ ದಮ್ಮಾಮಿನಲ್ಲಿ ತುಂಬ ವರ್ಷ ಇದ್ದು ಬಂದ ಒಬ್ಬ ಸದಸ್ಯರು. ಏನು ಕೇಳಿದರು, ಮನೆಯವರು ಏನು ಹೇಳಿದರು ನನಗೆ ತಿಳಿಯದು. ಮುಂದಿನ ವಾರ ಹಾಜಿಯವರೇ ಫೋನ್ ಮಾಡಿ, "ಮೈಕಿನವನನ್ನು ಕರೆಸುವ, ಟೀಚರೇ" ಅಂದರು.

ಒಂದು, ಎರಡು, ಮೂರು

ನಮ್ಮ ಕಡೆ ಪ್ರತಿ ಊರಿಗೂ ಒಬ್ಬ ಲೈಟ್ ಆ್ಯಂಡ್ ಸೌಂಡ್ಸ್‌ನವನು ಇರುತ್ತಾನೆ. ಉರೂಸಿಗೂ ಅವನೇ, ಏಕಾಹಕ್ಕೂ ಅವನೇ, ಮದುವೆಗೂ ಅವನೇ. ಎರಡೂ ಕಮಿಟಿ ಅವನಿಗೆ ಹಣ ಬಾಕಿ ಇಟ್ಟಿರುವುದರಿಂದ ಅವನಷ್ಟು ನಿಷ್ಪಕ್ಷಪಾತಿ ಊರಲ್ಲಿ ಬೇರೆ ಯಾರೂ ಇಲ್ಲ.

ಒಂದು ಸಂಜೆ ಅಸರ್ (ಇಳಿಹೊತ್ತಿನ) ನಮಾಜಿನ ನಂತರ ಪರೀಕ್ಷೆ ಇಟ್ಟುಕೊಂಡೆವು. ಬಾಂಗ್ ಹಾಕಿ ಪರೀಕ್ಷೆ ಮಾಡುವುದು ಬೇಡ ಅಂತ ಮೊದಲೇ ನಿರ್ಧಾರ ಆಗಿತ್ತು. ಬಾಂಗ್ ಹಾಕಿದರೆ ಜನ ಬಾಂಗ್‌ಗೇ ಅಂಕ ಹಾಕಲು ಕೂತ ಹಾಗಾಗುತ್ತದೆ. ಅದಕ್ಕೆ ಸುಮ್ನೆ "ಒಂದು, ಎರಡು, ಮೂರು" ಅಂತ ಎಣಿಸುವುದು. ಎಣಿಸಿದವರು ಉಸ್ತಾದರೇ. ಕನ್ನಡ ಶಾಲೆಯಲ್ಲಿ ಓದಿದವರಲ್ಲ, "ಎರಡು" ಅನ್ನುವಾಗ ಮದ್ರಸದ ಮಕ್ಕಳಿಗೆ ನಗು. ಅರ್ಜಿದಾರರು ತಮ್ಮ ಜಗಲಿಯಲ್ಲಿ, ದಮ್ಮಾಮಿನವರು ಮಿನಾರದ ಬುಡದ ಮನೆಯಲ್ಲಿ, ಮಂದಿರದ ಕೋಶಾಧಿಕಾರಿ ಶಾಲೆಯ ಹತ್ತಿರ, ನಾನು ಆಂಪ್ಲಿಫೈಯರ್ ಪಕ್ಕ. ಎಲ್ಲರ ಕಿವಿಯಲ್ಲೂ ಫೋನು.

ಮೊದಲು ಗುಬುಟು. 6ರಿಂದ 4ಕ್ಕೆ ಇಳಿಸಿದಾಗ ಆಚೆ ಗುಡ್ಡದಿಂದ "ಹಾಗೇ ಇದೆ" ಅಂತ ಉತ್ತರ. ಹಾಜಿಯವರಿಗೆ ಫೋನಿನಲ್ಲಿ ಆ ಸ್ವರ ನೇರ ಕೇಳಿತು. ಸುಳ್ಳು ಹೇಳುವ ಸ್ವರ ಅಲ್ಲ ಅದು. ಆಮೇಲೆ ಮೈಕಿನವನು ಮಿನಾರ ಹತ್ತಿ ಬೈಲಿನ ಕಡೆ ಮುಖ ಮಾಡಿದ್ದ ಹಾರ್ನ್‌ನ ವಯರ್ ತೆಗೆದ. ಗುಬುಟು ಮತ್ತೆ 6ರಲ್ಲೇ ಇತ್ತು.

"ಈಗ ಮೈಕ್ ನಿಲ್ಲಿಸಿದ್ರಾ?" ಅಂತ ಅರ್ಜಿದಾರರು ಕೇಳಿದರು.

ನಿಲ್ಲಿಸಿರಲಿಲ್ಲ. ಉಸ್ತಾದ್ ಎಣಿಸುತ್ತಲೇ ಇದ್ದರು. ಹಾರ್ನ್ ಅನ್ನುವುದು ಶಬ್ದವನ್ನು ಬಾಯಿ ಇರುವ ಕಡೆಗೆ ದಬ್ಬುವ ಸಾಧನ, ಬೆನ್ನಿಗೆ ಬರುವುದು ಬಹಳ ಕಡಿಮೆ. ಇಷ್ಟು ದಿನ ಎಲ್ಲರೂ ಜಗಳ ಮಾಡಿದ್ದು ವಾಲ್ಯೂಮ್‌ನ ಬಗ್ಗೆ, ಕಾಟ ಕೊಡುತ್ತಿದ್ದದ್ದು ದಿಕ್ಕು ಮತ್ತು ಎತ್ತರ. ಬೈಲಿನ ಕಡೆಯ ಆ ಹಾರ್ನ್ ಕೇಳುವ ದಿಕ್ಕಿನಲ್ಲಿ ಜಮಾಅತಿನ ಒಂದು ಮನೆಯೂ ಇರಲಿಲ್ಲ. ನಾಲ್ಕು ದಿಕ್ಕಿಗೆ ನಾಲ್ಕು ಇದ್ದರೆ ನೋಡಲು ಚಂದ ಅಂತ ಹಾಕಿದ್ದಷ್ಟೇ.

ಮಿನಾರದ ಬುಡದ ಮನೆಗೆ ಮಾತ್ರ ಇದರಿಂದ ಏನೂ ಆಗಲಿಲ್ಲ. ಅಲ್ಲಿಗೆ ಬೇರೆ ಉಪಾಯ ಬೇಕಾಯಿತು. ಮಜ್ಲಿಸಿಗೆ, ಭಾಷಣಕ್ಕೆ ಹೊರಗಿನ ಹಾರ್ನ್ ಪೂರ್ತಿ ಬಂದ್, ಒಳಗೆ ಕಾಲಂ ಬಾಕ್ಸ್ ಸ್ಪೀಕರ್. ಇದಕ್ಕೆ ಬೇಗ ಒಪ್ಪಿಗೆ ಸಿಕ್ಕಿದ್ದು ದಮ್ಮಾಮಿನವರಿಂದ. ಸೌದಿಯಲ್ಲಿ 2021ರಲ್ಲಿ ಸರಕಾರವೇ ಆದೇಶ ಮಾಡಿ, ಮಸೀದಿಯ ಹೊರಗಿನ ಸ್ಪೀಕರ್ ಬಾಂಗ್‌ಗೂ ಇಖಾಮತ್‌ಗೂ (ನಮಾಜು ಶುರುವಾಗುವಾಗಿನ ಕರೆ) ಮಾತ್ರ, ಅದೂ ಗರಿಷ್ಠ ಶಬ್ದದ ಮೂರನೇ ಒಂದು ಭಾಗ ಮೀರಬಾರದು ಅಂದಿತ್ತು. "ಅಲ್ಲಿ ಆಗುವುದಾದ್ರೆ ಇಲ್ಲಿ ಯಾಕೆ ಆಗುದಿಲ್ಲ?" ಅಂತ ಅವರು ಕೇಳಿದಾಗ ಸಭೆಯಲ್ಲಿ ಯಾರೂ ಎದುರಾಡಲಿಲ್ಲ. ಕೋರ್ಟಿನ ತೀರ್ಪು ಓದಿದಾಗ ಬಾರದ ಮೌನ ಅದು.

ಮರುದಿನ ಮಂದಿರದಲ್ಲೂ ಇದೇ ಪರೀಕ್ಷೆ. ಅಲ್ಲಿನ ಎರಡು ಹಾರ್ನ್‌ಗಳಲ್ಲಿ ಒಂದು ನೇರ ಶಾಲೆಗೆ ಮುಖ ಮಾಡಿತ್ತು. ಶಾಲೆ, ಆಸ್ಪತ್ರೆ, ಕೋರ್ಟಿನ ಸುತ್ತಲಿನ 100 ಮೀಟರ್ ನಿಶ್ಶಬ್ದ ವಲಯ ಅಂತ ಎಲ್ಲರೂ ಹೇಳುತ್ತಾರೆ. 2017ರ ತಿದ್ದುಪಡಿಯ ನಂತರ ಸರಕಾರ ಘೋಷಿಸಿದರೆ ಮಾತ್ರ ಅದು ನಿಶ್ಶಬ್ದ ವಲಯ. ಆ ವಾದಕ್ಕೆ ಹೋಗುವ ಅಗತ್ಯ ಬೀಳಲಿಲ್ಲ. ಕೋಶಾಧಿಕಾರಿಯೇ ಆ ಹಾರ್ನ್ ಇಳಿಸಿ ಅಂದರು. ಕಾರಣ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ಸುಬಹಿಯ ಪ್ರಶ್ನೆ

ಕಷ್ಟವಾದದ್ದು ಇದೊಂದೇ. ಹಗಲಿನ ನಾಲ್ಕು ಬಾಂಗ್‌ಗಳಿಗೆ ನಿಯಮದಲ್ಲಿ ಜಾಗ ಇದೆ: ಪರವಾನಗಿ ತೆಗೆದುಕೊಂಡು ಮಿತಿಯೊಳಗೆ ಇಟ್ಟುಕೊಂಡರೆ ಆಯಿತು. ರಾತ್ರಿಯ ಇಷಾ ಕೂಡ 10ಕ್ಕಿಂತ ಎಷ್ಟೋ ಮೊದಲೇ ಮುಗಿಯುತ್ತದೆ. ಸುಬಹಿ ಹಾಗಲ್ಲ. ಕಾಸರಗೋಡಿನಲ್ಲಿ ಸುಬಹಿಯ ಹೊತ್ತು ಮೇ-ಜೂನ್‌ನಲ್ಲಿ 5ಕ್ಕೂ ಮೊದಲು, ಜನವರಿ ಕೊನೆಗೆ 5.30 ದಾಟುತ್ತದೆ. ವರ್ಷದ ಒಂದು ದಿನವೂ ಅದು 6ರ ಆಚೆಗೆ ಹೋಗುವುದಿಲ್ಲ. ಅಂದರೆ ಹೊರಗಿನ ಸ್ಪೀಕರಿನಲ್ಲಿ ಸುಬಹಿ ಬಾಂಗ್ ಕೊಟ್ಟ ಪ್ರತಿ ದಿನವೂ ನಿಯಮದ ಪ್ರಕಾರ ತಪ್ಪೇ. ಧನುರ್ಮಾಸದ 5 ಗಂಟೆಯ ಭಕ್ತಿಗೀತೆಯೂ ಅಷ್ಟೇ.

ಅಲಹಾಬಾದ್ ಹೈಕೋರ್ಟ್ 2020ರಲ್ಲಿ ಬಾಂಗ್ ಬೇರೆ, ಧ್ವನಿವರ್ಧಕ ಬೇರೆ ಅಂತ ಬಿಡಿಸಿ ಹೇಳಿತ್ತು: ಬಾಂಗ್ ಧರ್ಮದ ಅವಿಭಾಜ್ಯ ಭಾಗ, ಧ್ವನಿವರ್ಧಕ ಅಲ್ಲ. ನಾನು ಇದನ್ನು ಓದಿ ಹೇಳಿದೆ. ಹಿರಿಯರಿಗೆ ಹಿಡಿಸಲಿಲ್ಲ. "ಸುಬಹಿ ಬಾಂಗ್ ಕೇಳದ ಊರಾ?" ಅಂತ ಒಬ್ಬರು ಎದ್ದೇ ಹೋದರು. ಅವರ ನೋವನ್ನು ನಾನು ಹಗುರ ಮಾಡುವುದಿಲ್ಲ. ಹುಟ್ಟಿದಾಗಿನಿಂದ ಆ ಸ್ವರಕ್ಕೆ ಎದ್ದವರು ಅವರು. ಫೋನಿನ ಅಲಾರಂ ಇಟ್ಟುಕೊಳ್ಳಿ ಅಂತ ಹೇಳುವುದು ನಮಗೆ ಸುಲಭ.

ಮಲಪ್ಪುರಂನ ವಾಳಕ್ಕಾಡ್‌ನಲ್ಲಿ ಹಲವು ಮಸೀದಿಗಳು ಕೂಡಿ, ಒಂದೇ ಮಸೀದಿಯ ಸ್ಪೀಕರಿನಲ್ಲಿ ಬಾಂಗ್ ಕೊಡುವುದು ಅಂತ ತೀರ್ಮಾನಿಸಿದ ಉದಾಹರಣೆಯೂ ಬಂತು. ಆದರೆ ನಮ್ಮ ಊರಿಗೆ ಅದು ಹೊಂದಲಿಲ್ಲ. ತೋಡಿನಾಚೆಯ ಮಸೀದಿ ಉರ್ದು ಮಾತಾಡುವ ಹನಫಿಗಳದ್ದು, ಇಲ್ಲಿಯವರು ಶಾಫಿ, ಆಚರಣೆಯ ಎರಡು ಬೇರೆ ಪದ್ಧತಿ. ಹನಫಿಗಳ ಅಸರ್ ಸುಮಾರು ಒಂದು ಗಂಟೆ ತಡ. ಒಂದೇ ಬಾಂಗ್ ಇಬ್ಬರಿಗೂ ಸಾಲುವುದಿಲ್ಲ.

ಕೊನೆಗೆ ಉಸ್ತಾದರ ಮಾತು ನಡೆಯಿತು. "ಬಾಂಗ್ ಕೊಡುವುದು ನನ್ನ ಗಂಟಲು. ಮೈಕ್ ಇಲ್ಲದ ಕಾಲದಲ್ಲೂ ಬಾಂಗ್ ಇತ್ತು. ನಾನು ಸುಬಹಿಗೆ ಹೊರಗೆ ಜಗಲಿಯಲ್ಲಿ ನಿಂತು ಕೊಡ್ತೇನೆ, ಒಳಗಿನ ಬಾಕ್ಸಿನಲ್ಲಿ ಇಖಾಮತ್" ಅಂದರು. ವಯಸ್ಸಿನಲ್ಲಿ ಆ ಸಭೆಯಲ್ಲಿ ಎಲ್ಲರಿಗಿಂತ ಚಿಕ್ಕವರು. ಹೊರಗಿನಿಂದ ಬಂದ ಸಂಬಳದ ಉಸ್ತಾದ್ ಒಬ್ಬರು ಕಮಿಟಿಯ ಹಿರಿಯರ ಎದುರು ಹಾಗೆ ಹೇಳಬೇಕಾದರೆ ಧೈರ್ಯ ಬೇಕು.

ಕರಾರು

ಕರಾರು ಬರೆದದ್ದು ಹಾಲು ಸೊಸೈಟಿಯ ಜಗಲಿಯಲ್ಲಿ. ಇಬ್ಬರೂ ದಿನಾ ಹಾಲು ಹಾಕುವ ಜಾಗ ಅದು. ಒಂದು ವಿಷಯದಲ್ಲಿ ಮಾತ್ರ ನಾನು ಹಟ ಹಿಡಿದೆ. "ಶಬ್ದ ಕಡಿಮೆ ಮಾಡುವುದು" ಅನ್ನುವ ಮಾತು ಕರಾರಿನಲ್ಲಿ ಎಲ್ಲೂ ಬರಬಾರದು. ಕಡಿಮೆ ಅಂದರೆ ಎಷ್ಟು ಅಂತ ಆರು ತಿಂಗಳ ನಂತರ ಮತ್ತೆ ಜಗಳ. ಕಣ್ಣಿಗೆ ಕಾಣುವುದನ್ನೇ ಬರೆದೆವು: ಮಿನಾರದಲ್ಲಿ ಎರಡೇ ಹಾರ್ನ್, ಅವೂ ರಸ್ತೆಯ ಕಡೆಗೆ ಮತ್ತು ಜಮಾಅತಿನ ಮನೆಗಳ ಕಡೆಗೆ. ಎತ್ತರ ಮೊದಲ ಬಾಲ್ಕನಿಯದ್ದು, ತುದಿಯದ್ದಲ್ಲ. ಮಂದಿರದಲ್ಲಿ ಒಂದು ಹಾರ್ನ್, ಶಾಲೆಗೆ ಬೆನ್ನು ಹಾಕಿ. ಬೆಳಿಗ್ಗೆ 6ರ ಮೊದಲು, ರಾತ್ರಿ 10ರ ನಂತರ ಎರಡೂ ಕಡೆ ಒಳಗಿನ ಬಾಕ್ಸ್ ಮಾತ್ರ. ಇಬ್ಬರೂ ಪರವಾನಗಿಗೆ ಅರ್ಜಿ ಹಾಕಬೇಕು. ತಕರಾರು ಇದ್ದರೆ ಮೊದಲು ಫೋನ್, ಆಮೇಲೆ ಮೈಕಿನವನು, ಅದಾದ ಮೇಲೆ ಠಾಣೆ. ಹಾರ್ನ್ ಎಷ್ಟಿದೆ, ಯಾವ ಕಡೆ ತಿರುಗಿದೆ ಅಂತ ರಸ್ತೆಯಲ್ಲಿ ಹೋಗುವ ಮಗು ಕೂಡ ಹೇಳಬಲ್ಲದು. ಅದಕ್ಕೆ ಆ್ಯಪ್ ಬೇಡ.

ಇನ್ನೂ ಒಂದು ಮಾತು. ಅರ್ಜಿದಾರರು ಬಾಯಿಮಾತಲ್ಲಿ ಹೇಳಿದಾಗಲೇ ಯಾರಾದರೂ ಮಿನಾರ ಹತ್ತಿ ನೋಡಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಅವರು ಮಾತಾಡಿದ್ದು ಕಮಿಟಿಯ ಒಬ್ಬ ಸದಸ್ಯರ ಹತ್ತಿರ, ಅಂಗಡಿ ಎದುರು, ಚಾ ಕುಡಿಯುವಾಗ. ಉಸ್ತಾದರ ಹತ್ತಿರ ಹೋಗಿರಲಿಲ್ಲ. ಇಂಥ ಸಂಗತಿಯಲ್ಲಿ ಮೈಕಿನ ಬೀಗದ ಕೈ ಯಾರ ಹತ್ತಿರ ಇದೆಯೋ ಅವರ ಹತ್ತಿರವೇ ಮೊದಲು ಹೋಗಬೇಕು ಅಂತ ಈಗ ಬೇರೆ ಊರಿನವರು ಕೇಳಿದಾಗ ಹೇಳುತ್ತೇನೆ.

ಆಮೇಲೆ

ಕರಾರು ಪೂರ್ತಿ ನಿಂತಿದೆ ಅಂತ ಹೇಳಲಾರೆ. ಮೊದಲ ವರ್ಷದ ಏಕಾಹದಲ್ಲಿ ರಾತ್ರಿ 11 ಆದರೂ ಹಾರ್ನ್ ನಿಂತಿರಲಿಲ್ಲ. ಮಸೀದಿಯವರು ಯಾರೂ ಫೋನ್ ಮಾಡಲಿಲ್ಲ. ಅರ್ಜಿದಾರರೇ ಟಾರ್ಚ್ ಹಿಡಿದು ಗುಡ್ಡ ಇಳಿದು ಹೋಗಿ ಬಂದ್ ಮಾಡಿಸಿದರು. ಮಂದಿರದಲ್ಲಿ ಅವರ ಜೊತೆ ಮಾತು ಬಿಟ್ಟವರು ಈಗಲೂ ಇದ್ದಾರೆ.

ಎರಡನೇ ವರ್ಷದ ರಮ್ಜಾನ್‌ನಲ್ಲಿ ಹಾಜಿಯವರು ಅವರಿಗೆ ಫೋನ್ ಮಾಡಿದರು. ಅತ್ತಾಯ (ಉಪವಾಸದ ಮೊದಲಿನ ಊಟ) ಮುಗಿಸಿ ಜನ ಬಾಂಗ್‌ಗೆ ಕಾಯುತ್ತಾರೆ, ಈ ಒಂದು ತಿಂಗಳು ರಸ್ತೆ ಕಡೆಯ ಹಾರ್ನ್‌ನಲ್ಲಿ ಸುಬಹಿ ಕೊಡಬಹುದಾ ಅಂತ. "ಅದಕ್ಕೆ ಎಂತ, ಕೊಡಿ" ಅಂದರಂತೆ. ನನಗೆ ತಿಳಿದದ್ದು ಆಮೇಲೆ. ನಿಯಮದಲ್ಲಿ ಅದಕ್ಕೆ ಅವಕಾಶ ಇಲ್ಲ. ನೆರೆಯವರು ಒಪ್ಪಿದರೆ ರಾತ್ರಿ ಹಗಲಾಗುವುದಿಲ್ಲ. ಬೇರೆ ಯಾರಾದರೂ ಒಬ್ಬರು ದೂರು ಕೊಟ್ಟರೆ ಆ ತಿಂಗಳ ವ್ಯವಸ್ಥೆ ಒಂದೇ ದಿನದಲ್ಲಿ ಬೀಳುತ್ತದೆ. ಇದನ್ನು ಇಬ್ಬರಿಗೂ ಹೇಳಿದ್ದೇನೆ. ಇಬ್ಬರೂ "ಹೌದು ಟೀಚರೇ" ಅಂದಿದ್ದಾರೆ. ಮುಂದಿನ ರಮ್ಜಾನ್‌ಗೂ ಫೋನ್ ಹೋಗುತ್ತದೆ ಅಂತ ನನಗೆ ಗೊತ್ತು.

ಇತ್ತೀಚೆಗೆ ಅದೇ ಊರಿನಿಂದ ಇನ್ನೊಂದು ದೂರು ಬಂದಿದೆ. ಈ ಸಲ ಹಾಜಿಯವರೂ ಅರ್ಜಿದಾರರೂ ಒಂದೇ ಕಾಗದಕ್ಕೆ ಸಹಿ ಹಾಕಿದ್ದಾರೆ. ಕ್ಲಬ್ಬಿನ ವಾರ್ಷಿಕೋತ್ಸವದಲ್ಲಿ ಡಿಜೆ, ರಾತ್ರಿ ಒಂದರ ತನಕ. ಕ್ಲಬ್ಬಿನಲ್ಲಿ ಎರಡೂ ಕಡೆಯ ಹುಡುಗರಿದ್ದಾರೆ, ಉಸ್ತಾದರ ಹಾಗೆ ಮುಂದೆ ಬಂದು ಮಾತಾಡುವವರು ಇನ್ನೂ ಸಿಕ್ಕಿಲ್ಲ. ಮೈಕಿನವನನ್ನು ವಿಚಾರಿಸಿದೆ. ಆ ಡಿಜೆ ಬಾಕ್ಸ್ ಅವನದ್ದಲ್ಲವಂತೆ, ಮಂಗಳೂರಿನಿಂದ ಬಾಡಿಗೆಗೆ ತಂದದ್ದಂತೆ.